ಕನೆಕ್ಟರಿನ ಬಳೆ

ನನ್ನ ಮದುವೆಯ ದಿನ, ಮುಹೂರ್ತಕ್ಕೆ ಹತ್ತು ನಿಮಿಷ ಇರುವಾಗ, ನನ್ನ ಮಾವನವರು ಮಂಟಪದ ಮೈಕಿನ ತಂತಿಯನ್ನು ಕತ್ತರಿಸಿಬಿಟ್ಟರು. ನಂಬಿ! ಬೀಗರ ಮೇಲಿನ ಸಿಟ್ಟಿಗೆ ಅಲ್ಲ, ಊಟ ಸರಿಯಿಲ್ಲವೆಂದೂ ಅಲ್ಲ. ಮೈಕು ಗೊರಗೊರ ಎನ್ನುತ್ತಿತ್ತು, ಅಷ್ಟೆ. ತಂತಿಯ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ಬೆಸುಗೆ ಸರಿಯಾಗಿ ಕಾಯ್ದಿಲ್ಲ ಎಂದು ಗೊಣಗಿ, ರೇಷ್ಮೆ ಪಂಚೆಯ ಸೊಂಟದಿಂದ ಕಟ್ಟರ್ ತೆಗೆದರು. ಮಗನ ಮದುವೆಗೆ ಸೊಂಟದಲ್ಲಿ ಕಟ್ಟರ್ ಸಿಕ್ಕಿಸಿಕೊಂಡು ಬರುವ ಅಪ್ಪ ಇನ್ನೆಲ್ಲಾದರೂ ಉಂಟೇ? ದಾವಣಗೆರೆಯಿಂದ ಬಂದಿದ್ದ ನನ್ನ ಸೋದರತ್ತೆ ಕಿವಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ, ಹುಡುಗನೂ ಹೀಗೆಯೇ ಏನು ಎಂದು. ನನಗೇನು ಗೊತ್ತು?

ಹುಡುಗ ಹಾಗಿರಲಿಲ್ಲ. ಆದರೆ ನಾನು ಬಂದು ಸೇರಿದ, ಕೊಯಮತ್ತೂರಿನ ಹತ್ತಿರದ ಕರುಮತ್ತಂಪಟ್ಟಿಯ ಮನೆಯಲ್ಲಿ ಎಲ್ಲವೂ ಮಾವನವರ ತಂತಿಗಳ ಸುತ್ತಲೇ ಇತ್ತು. ಹಿಂಬದಿಯ ಶೆಡ್ಡಿನಲ್ಲಿ ಆರು ಮಗ್ಗಗಳು ಹಗಲೆಲ್ಲ ಬಡಿದುಕೊಳ್ಳುತ್ತಿದ್ದವು, ಮುಂದಿನ ಕೋಣೆಯಲ್ಲಿ ಅವರ ಹವ್ಯಾಸಿ ರೇಡಿಯೊ. ಸರ್ಕಾರದ ಲೈಸೆನ್ಸು ಪಡೆದು, ತಾರಸಿಯ ಮೇಲೆ ಆಂಟೆನಾ ಕಟ್ಟಿ, ಬೆಳಗ್ಗೆ ಆರೂವರೆಗೆ ಗದಗದ ಒಬ್ಬ ಗಡಿಯಾರ ರಿಪೇರಿಯವರ ಜೊತೆ ಮಾತಾಡುತ್ತಿದ್ದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಇಷ್ಟು ದೂರದಿಂದ ಏನು ಮಹಾ ಮಾತಾಡುತ್ತಾರೆ ಎಂದು ಒಂದು ದಿನ ಕಿವಿಗೊಟ್ಟು ಕೇಳಿದೆ. ನಿಮ್ಮಲ್ಲಿ ಮೋಡ ಇದೆಯೇ, ನಮ್ಮಲ್ಲಿ ಇಲ್ಲ. ನಿಮ್ಮ ಕನೆಕ್ಟರ್ ಹೊಸದೇ, ನಮ್ಮದು ಹಳೆಯದು. ಮುಗಿಯಿತು!

ಆಂಟೆನಾದಿಂದ ರೇಡಿಯೊಗೆ ಬರುವ ಕಪ್ಪು ತಂತಿಯ ತುದಿಗೆ ಕನೆಕ್ಟರ್ ಕೂರಿಸುವುದು ಆ ಮನೆಯಲ್ಲಿ ಒಂದು ಪೂಜೆ. ಮೇಲಿನ ಕಪ್ಪು ಸಿಪ್ಪೆ ಸುಲಿಯಬೇಕು. ಅದರೊಳಗೆ ಜಡೆಯ ಹಾಗೆ ಹೆಣೆದ ತಾಮ್ರದ ಎಳೆಗಳು, ಅದರೊಳಗೆ ಬಿಳಿ ಪ್ಲಾಸ್ಟಿಕ್ಕು, ನಟ್ಟನಡುವೆ ಮುಖ್ಯ ತಂತಿ. ಒಂದು ಎಳೆ ಕುಯ್ದುಹೋದರೂ ಮೊದಲಿನಿಂದ ಶುರು. ಬೆಸುಗೆ ಆರಬಾರದೆಂದು ಚಿತ್ರೆ ತಿಂಗಳ ಸುಡುಬಿಸಿಲಲ್ಲೂ ಮನೆಯ ಫ್ಯಾನುಗಳನ್ನೆಲ್ಲ ನಿಲ್ಲಿಸಿ, ನಾವೆಲ್ಲ ಬೆವರುತ್ತ ಕೂರಬೇಕು. ಕನೆಕ್ಟರನ್ನು ಮೊದಲು ದೋಸೆ ಹೆಂಚಿನ ಮೇಲೆ ಬೆಚ್ಚಗೆ ಮಾಡುತ್ತಿದ್ದರು. ನಾನು ಆ ಮನೆಯಲ್ಲಿ ತಿಂದ ಮೊದಲ ದೋಸೆಗೆ ಬೆಸುಗೆಯ ರಾಳದ ವಾಸನೆ ಇತ್ತು. ಈ ಊರಿನ ಕಡೆಯ ಒಗ್ಗರಣೆ ಇರಬೇಕೆಂದು ಚೆನ್ನಾಗಿದೆ ಅಂದೆ, ಪೆದ್ದಿ!

ಇಷ್ಟೆಲ್ಲ ಶಿಸ್ತಿನ ಮನುಷ್ಯ ಒಂದನ್ನು ಮಾತ್ರ ಪ್ರತಿ ಸಲ ಮರೆಯುತ್ತಿದ್ದರು. ಕನೆಕ್ಟರಿಗೆ ಒಂದು ಹೊರ ಉಂಗುರ ಇರುತ್ತದೆ, ರೇಡಿಯೊಗೆ ತಿರುಗಿಸಿ ಬಿಗಿ ಮಾಡಲು. ಬೆಸುಗೆ ಹಾಕುವ ಮೊದಲೇ ಅದನ್ನು ತಂತಿಗೆ ಪೋಣಿಸಿಡಬೇಕು. ಮರೆತರೆ ಆಮೇಲೆ ತೂರಿಸಲು ಬರುವುದಿಲ್ಲ, ಮಾಡಿದ್ದೆಲ್ಲ ದಂಡ. ಅದಕ್ಕೆ ನನ್ನ ಅತ್ತೆ ಬಳೆ ಎಂದು ಹೆಸರಿಟ್ಟಿದ್ದರು. ಬೆಸುಗೆಯ ಹೊಗೆ ಏಳುವ ಮುಂಚೆ, ಎಲ್ಲಿದ್ದರೂ, ಅವರ ದನಿ ಬರುತ್ತಿತ್ತು.

"ಬಳೆ ಆಕಿದ್ರಾ?"

"ಆಕ್ಬುಟ್ಟೆ, ಆಕ್ಬುಟ್ಟೆ. ಚುಮ್ಮಾ ಇರು," ಎಂದು ಮಾವ ಸಿಡುಕುತ್ತಿದ್ದರು. ಆಮೇಲೆ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಮೇಜಿನ ಮೇಲಿದ್ದ ಬಳೆಯನ್ನು ಮೆಲ್ಲಗೆ ತಂತಿಗೆ ಪೋಣಿಸುತ್ತಿದ್ದರು. ನಾನು ನೋಡುತ್ತಿದ್ದೆ. ಅತ್ತೆ ನೋಡದೆಯೇ ಬಲ್ಲವರಾಗಿದ್ದರು.

ಆ ಮನೆಯ ಕನ್ನಡ ಕೇಳಿ ಮೊದಲು ನಾನು ತಮಿಳೆಂದುಕೊಂಡಿದ್ದೆ. ಎಷ್ಟೋ ತಲೆಮಾರಿನ ಹಿಂದೆ ಕನ್ನಡನಾಡಿನಿಂದ ಮಗ್ಗದ ಜೊತೆ ಬಂದ ಭಾಷೆ ಅದು. ಅತ್ತೆ ಹುಟ್ಟಿದ್ದು ಅಲ್ಲೇ ಹತ್ತಿರದ ಕುನ್ನತ್ತೂರಿನಲ್ಲಿ, ಕನ್ನಡದ ಒಂದಕ್ಷರ ಓದಲು ಬಾರದು. ಅವರ ದನಿಯನ್ನು ಅಣಕಿಸಿ ದಾವಣಗೆರೆಗೆ ಫೋನಿನಲ್ಲಿ ಹೇಳಿ ನಕ್ಕವಳು ನಾನು. ಆದರೆ ಪಾವು ಸೇರಿಸುವುದರಲ್ಲಿ ಸುತ್ತಮುತ್ತ ಅವರ ಸಮ ಯಾರೂ ಇರಲಿಲ್ಲ. ಪಾವು ಎಂದರೆ ಮಗ್ಗದ ಉದ್ದನೆಯ ನೂಲು. ಹಳೆಯದು ಮುಗಿಯುತ್ತ ಬಂದಾಗ ಅದರ ಸಾವಿರಾರು ಎಳೆಗಳಿಗೆ ಹೊಸ ಎಳೆಗಳನ್ನು ಒಂದೊಂದಾಗಿ ಸೇರಿಸಬೇಕು. ಗಂಟು ಹಾಕುವುದಿಲ್ಲ. ಬೆರಳಿಗೆ ಬೂದಿ ಹಚ್ಚಿ, ಎರಡು ತುದಿ ಜೋಡಿಸಿ ಒಂದು ಹೊಸೆತ, ಆಯಿತು.

ಆ ಹತ್ತಿಯ ದೂಳೇ ಅವರ ಎದೆಯಲ್ಲಿ ಕೂತಿತು. ಶ್ವಾಸಕೋಶ ಕೆಲಸ ಮಾಡುವುದನ್ನು ಬಿಡುತ್ತಿದೆ, ಇನ್ನು ಕೆಲವೇ ವಾರ, ಎಂದರು ಕೊಯಮತ್ತೂರಿನ ಡಾಕ್ಟರು. ಆಕ್ಸಿಜನ್ ಯಂತ್ರದ ಜೊತೆ ಅತ್ತೆಯನ್ನು ಮನೆಗೆ ತಂದೆವು. ಅವರು ಕೇಳಿದ್ದು ಒಂದನ್ನೇ, ಮಂಚವನ್ನು ರೇಡಿಯೊ ಕೋಣೆಯಲ್ಲಿ ಹಾಕಿ ಎಂದು. ಜೀವಮಾನವೆಲ್ಲ ಮಗ್ಗದ ಸದ್ದಿನಲ್ಲಿ ಗಂಡನ ಬೆಳಗಿನ ಮಾತು ಸರಿಯಾಗಿ ಕೇಳಿಸಿರಲಿಲ್ಲವಂತೆ. ಈಗಲಾದರೂ ಪೂರ್ತಿ ಕೇಳಬೇಕಂತೆ. ಮೋಡವನ್ನು, ಕನೆಕ್ಟರನ್ನು!

ಮಂಚ ಹಾಕಿದೆವು. ಗಾಳಿಯಾಡಲೆಂದು ಕಿಟಕಿಗೆ ಫ್ಯಾನ್ ಕೂರಿಸಲು ಒಬ್ಬನನ್ನು ಕರೆಸಿದೆ. ಕಿಟಕಿಯಲ್ಲಿ ಎರಡು ಕಪ್ಪು ತಂತಿಗಳು ನೇತಾಡುತ್ತಿದ್ದವು, ಒಂದು ಎಂದೋ ನಿಂತುಹೋದ ಕೇಬಲ್ ಟಿವಿಯದು. ಅಡ್ಡ ಬರುವುದನ್ನು ತೆಗೆಯಲೇ ಎಂದು ಅವನು ಕೇಳಿದ. ಕತ್ತರಿಸಪ್ಪ ಅಂದೆ. ಯಾವುದೆಂದು ತಿರುಗಿ ನೋಡಲಿಲ್ಲ. ಅವನು ಕತ್ತರಿಸಿದ್ದು ಆಂಟೆನಾದ ತಂತಿಯನ್ನು. ಇಂದಿಗೂ ಆ ಕಚಕ್ ಎಂಬ ಸದ್ದು ನೆನೆದರೆ ನನಗೆ ಅನ್ನ ಸೇರುವುದಿಲ್ಲ.

ಮಾವ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಕತ್ತರಿಸಿದ ಎರಡು ತುದಿಗೂ ಒಂದೊಂದು ಕನೆಕ್ಟರ್ ಬೇಕೆಂದು ಕೊಯಮತ್ತೂರಿನ ಗಾಂಧಿಪುರಂಗೆ ಹೋದರು. ಜೇಬಿನಲ್ಲೊಂದು ಅಯಸ್ಕಾಂತ, ಅದು ಅಂಟಿಕೊಂಡರೆ ಕಬ್ಬಿಣದ ಮಾಲು, ಬೇಡ. ಎಲ್ಲ ಅಂಗಡಿಯಲ್ಲೂ ಅಂಟಿಕೊಂಡಿತು. ಬರಿಗೈಲಿ ಬಂದರು. ಒಳ್ಳೆಯ ಮಾಲು ತರಿಸುತ್ತೇನೆ, ಪಾರ್ಸೆಲಿನಲ್ಲಿ ಬರಲು ಹತ್ತು ದಿನ ಎಂದರು. ಅಲ್ಲಿಯವರೆಗೆ ಹಾಗೇ ಸೇರಿಸಿ ಟೇಪು ಸುತ್ತಿ ಮಾವ ಎಂದು ಬೇಡಿಕೊಂಡೆ. ತಂತಿಯನ್ನು ನಡುವೆ ಹೊಸೆಯುವುದು ಅವರ ಶಾಸ್ತ್ರದಲ್ಲಿ ಇರಲಿಲ್ಲ. ಹತ್ತು ದಿನ! ಅತ್ತೆಗೆ ಹತ್ತು ದಿನ ಇದೆಯೆಂದು ಇವರಿಗೆ ಯಾರು ಬರೆದುಕೊಟ್ಟಿದ್ದರು? ಐದನೆಯ ದಿನ ಅವರು ಮತ್ತೆ ಗಾಂಧಿಪುರಂಗೆ ಹೊರಟರು, ನೋಡದ ಅಂಗಡಿ ಇನ್ನೂ ಒಂದಿದೆಯೆಂದು.

ಬಸ್ಸು ಹತ್ತುವಷ್ಟು ಹೊತ್ತು ಕಾದು, ಅತ್ತೆ ತಂತಿಯ ಎರಡು ತುದಿಗಳನ್ನು ತಮ್ಮ ಮಡಿಲಿಗೆ ಹಾಕಲು ಹೇಳಿದರು. ದೇವರ ಗೂಡಿನಿಂದ ವಿಭೂತಿ ತರಿಸಿದರು.

"ನಾಲ್ಕಂಗುಲ ಪಾವು ತಾನೇ ಇದು, ಕಣ್ಣು," ಎಂದರು. ಅಕ್ಕರೆ ಬಂದಾಗ ಅವರಿಗೆ ನಾನು ಕಣ್ಣು.

ನಾನು ಸಿಪ್ಪೆ ಸುಲಿದುಕೊಟ್ಟೆ. ನಡುವಿನ ತಂತಿಯನ್ನು ಹೊಸೆದು, ಅದಕ್ಕೆ ಹಾಲಿನ ಕವರಿನ ಪಟ್ಟಿ ಸುತ್ತಿಸಿದರು. ಆಮೇಲೆ ಜಡೆಯನ್ನು ಬಿಡಿಸಿದರು. ಕೂದಲೆಳೆಯಷ್ಟು ತೆಳುವಾದ ನೂರಾರು ತಾಮ್ರದ ಎಳೆಗಳು. ಈ ಕಡೆಯದೊಂದು, ಆ ಕಡೆಯದೊಂದು, ಬೂದಿ, ಹೊಸೆತ. ಹತ್ತು ಎಳೆ ಆದ ಮೇಲೆ ಕಣ್ಣು ಮುಚ್ಚಿ ಉಸಿರಿಗಾಗಿ ಕಾಯುವುದು. ಮತ್ತೆ ಹತ್ತು. ಎಲ್ಲವನ್ನೂ ಒಟ್ಟಿಗೆ ಹಿಡಿದು ತಿರುಚಿದರೆ ಸಾಕು ಅತ್ತೆ ಎಂದು ಹೇಳಲು ಬಾಯಿ ತೆರೆದವಳು ವಿಭೂತಿಯನ್ನು ಇನ್ನಷ್ಟು ಹತ್ತಿರ ಸರಿಸಿದೆ. ಸಂಜೆಯಾಯಿತು ಮುಗಿಯುವಾಗ.

ಮಾವ ಬಂದರು. ಕೈಯಲ್ಲಿ ಏನೂ ಇರಲಿಲ್ಲ. ತಂತಿ ನೋಡಿದರು. ಭೂತಗನ್ನಡಿ ತಂದು ಎಳೆ ಎಳೆಯಾಗಿ ನೋಡಿದರು. ಮಗನ ಮದುವೆಯಲ್ಲಿ ತಂತಿ ಕತ್ತರಿಸಿದ ಮನುಷ್ಯ! ನಾವೆಲ್ಲ ಅವರ ಸೊಂಟದ ಕಟ್ಟರನ್ನೇ ನೋಡುತ್ತ ನಿಂತೆವು. ಅತ್ತೆ ಕತ್ತರಿಸುತ್ತೀರಾ ಎಂದು ಮೆಲ್ಲಗೆ ಕೇಳಿದರು. ಮಾವ ಹೊಸೆದ ಜಾಗಕ್ಕೆ ಟೇಪು ಸುತ್ತಿದರು, ಮಗುವಿನ ಗಾಯಕ್ಕೆ ಸುತ್ತುವ ಹಾಗೆ.

ಮರುದಿನ ಆರೂವರೆಗೆ ಗದಗ ಮಾತಾಡಿತು. "ಯಾಕ್ರೀ, ನಿಮ್ಮ ಧ್ವನಿ ಬಾವ್ಯಾಗಿಂದ ಬಂದಂಗ ಬರಾಕತ್ತದ?" ಎಂದರು ಗಡಿಯಾರದವರು. ಅಂದು ಮಾವ ಜೀವನದಲ್ಲಿ ಮೊದಲ ಸಲ ಕನೆಕ್ಟರಿನ ಬಗ್ಗೆ ಸುಳ್ಳು ಹೇಳಿದರು. ಇಲ್ಲಿ ಎಲ್ಲ ಸರಿಯಿದೆ, ಹವಾಮಾನ ಸರಿಯಿಲ್ಲ ಎಂದರು. ಅತ್ತೆ ನಕ್ಕರು, ನಗಲು ಉಸಿರು ಸಾಲದಿದ್ದರೂ. ಹತ್ತೊಂಬತ್ತು ಬೆಳಗು ಕೇಳಿದರು. ಇಪ್ಪತ್ತನೆಯ ಬೆಳಗು ರೇಡಿಯೊ ಹಾಕಿದಾಗ ಅವರು ಇರಲಿಲ್ಲ.

ಪಾರ್ಸೆಲ್ ಎಂದೋ ಬಂದಿತ್ತು. ಮಾವ ಅದನ್ನು ಬಿಚ್ಚಲೇ ಇಲ್ಲ. ನಮ್ಮ ಜೊತೆ ಮಾತು ನಿಲ್ಲಿಸಿದರು. ಊಟ, ಬೇಡ, ಸರಿ. ಇಷ್ಟೇ. ರೇಡಿಯೊದಲ್ಲಿ ಮಾತ್ರ ಹತ್ತು ನಿಮಿಷ ಮನುಷ್ಯರ ಹಾಗೆ ಮಾತಾಡುತ್ತಿದ್ದರು. ಅದೂ ನಿಂತರೆ ಇವರನ್ನೂ ಕಳೆದುಕೊಳ್ಳುತ್ತೇವೆ ಎಂಬ ಭಯ ನಮಗೆ. ಮಳೆಗಾಲ ಬಂತು. ಟೇಪಿನೊಳಗೆ ನೀರು ಇಳಿದು, ವಿಭೂತಿ ನೆನೆದು, ತಾಮ್ರ ಹಸಿರಾಯಿತು. ಗದಗದವರಿಗೆ ಇವರ ದನಿ ದಿನದಿನಕ್ಕೂ ಆಳಕ್ಕೆ ಹೋಗುತ್ತಿತ್ತು. ಒಂದು ಬೆಳಗ್ಗೆ ಅವರು ಕರೆಯುತ್ತಲೇ ಇದ್ದರು, ಅದೀರೇನ್ರೀ, ಅದೀರೇನ್ರೀ ಎಂದು. ಮಾವ ಇದ್ದೇನೆ, ಇದ್ದೇನೆ ಎಂದು ಹೇಳುತ್ತಲೇ ಇದ್ದರು. ಅತ್ತ ಕೇಳಿಸಲಿಲ್ಲ.

ಆ ಹೊತ್ತಿಗೇ ಮಾವ ಕಟ್ಟರ್ ತೆಗೆದರು. ಹೊಸೆದ ಜಾಗವನ್ನು ಆಚೀಚೆ ಒಂದೊಂದು ಬೆರಳು ಬಿಟ್ಟು ಕತ್ತರಿಸಿ, ತುಂಡನ್ನು ದೇವರ ಗೂಡಿನಲ್ಲಿ ವಿಭೂತಿಯ ಪಕ್ಕ ಇಟ್ಟರು. ಪಾರ್ಸೆಲ್ ಬಿಚ್ಚಿದರು. ನಾನು ಫ್ಯಾನುಗಳನ್ನು ನಿಲ್ಲಿಸಿದೆ, ಹೆಂಚು ಕಾಯಿಸಿಕೊಟ್ಟೆ. ಒಂದು ತುದಿಗೆ ಕನೆಕ್ಟರ್ ಕೂರಿಸಿದರು. ಕನ್ನಡಿಯಂಥ ಬೆಸುಗೆ. ಎತ್ತಿ ಹಿಡಿದು ನೋಡಿದಾಗ ಬಳೆ ಮೇಜಿನ ಮೇಲೇ ಇತ್ತು.

ಆ ಕನೆಕ್ಟರನ್ನು ಅವರು ಕತ್ತರಿಸಿ ತೆಗೆದರು. ತುದಿಯನ್ನು ಮತ್ತೆ ಸುಲಿದರು. ಹೊಸ ಕನೆಕ್ಟರ್ ಬೆಚ್ಚಗೆ ಮಾಡಿ ಕೂರಿಸಿದರು. ಬೆಸುಗೆಯ ಕಾದ ಕಬ್ಬಿಣವನ್ನು ಕೈಯಲ್ಲಿ ಹಿಡಿದರು, ಆದರೆ ತಂತಿಗೆ ಮುಟ್ಟಿಸಲಿಲ್ಲ. ಹಾಗೇ ಕೂತರು. ನಾನು ಅಡುಗೆಮನೆಯ ಬಾಗಿಲಲ್ಲಿದ್ದೆ. ಇವರು ಯಾವುದಕ್ಕೆ ಕಾಯುತ್ತಿದ್ದಾರೆಂದು ತಿಳಿಯಲು ನನಗೆ ಅಷ್ಟು ಹೊತ್ತು ಬೇಕಾಯಿತು. ನಾನು ಅಣಕಿಸಿ ನಕ್ಕಿದ್ದ ಅದೇ ಕನ್ನಡದಲ್ಲಿ, ಒಳಗಿನಿಂದಲೇ ಕೇಳಿದೆ.

"ಬಳೆ ಆಕಿದ್ರಾ?"

"ಆಕ್ಬುಟ್ಟೆ, ಆಕ್ಬುಟ್ಟೆ. ಚುಮ್ಮಾ ಇರು," ಎಂದು ಮಾವ ಸಿಡುಕಿದರು. ಆಮೇಲೆ ಕನೆಕ್ಟರನ್ನು ಕಳಚಿ, ಮೇಜಿನ ಮೇಲಿದ್ದ ಬಳೆಯನ್ನು ಮೆಲ್ಲಗೆ ತಂತಿಗೆ ಪೋಣಿಸಿದರು. ನಾನು ನೋಡಲಿಲ್ಲ.