ಅತ್ತೆಯ ಬಣ್ಣದ ಹಂಡೆ

ನಂಜನಗೂಡಿನ ನಮ್ಮ ಸೋದರತ್ತೆಯ ಮನೆಗೆ ಬಿಳಿ ಬಟ್ಟೆ ಉಟ್ಟು ಹೋದವರು ಬಿಳಿ ಬಟ್ಟೆಯಲ್ಲೇ ಹಿಂದಿರುಗಿದ್ದನ್ನು ಕಂಡವರಿಲ್ಲ! ತೊಂಬತ್ತರ ದಶಕದಲ್ಲಿ ಅವಳಿಗೆ ಕೌದಿ ಹೊಲಿಯುವ ಹುಚ್ಚು ಹಿಡಿದಿತ್ತು. ಹೊಲಿಯಲಿ, ಯಾರು ಬೇಡ ಅಂದರು? ಆದರೆ ಹಳೆಯ ಬಟ್ಟೆಯನ್ನು ಇದ್ದ ಹಾಗೇ ಕತ್ತರಿಸಿ ಹೊಲಿಯುವುದು ಅವಳಿಗೆ ಆಗಿಬರದು. ಮೊದಲು ಬಚ್ಚಲ ಹಂಡೆಯಲ್ಲಿ ಬಣ್ಣದ ಪುಡಿ, ಹಿಡಿ ಉಪ್ಪು ಹಾಕಿ ಕುದಿಸಬೇಕು. ಬಂದ ಬಣ್ಣ ಒಪ್ಪಿಗೆಯಾಗದಿದ್ದರೆ (ಯಾವತ್ತು ಆಗಿತ್ತು?) ಅದರ ಮೇಲೆ ಇನ್ನೊಂದು! ನೀಲಿಯ ಮೇಲೆ ಹಳದಿ ಬಿದ್ದು ಹಸಿರಾಗುತ್ತಿತ್ತು, ಹಸಿರಿನ ಮೇಲೆ ಕೆಂಪು ಬಿದ್ದು ಕಾಫಿ ಗಸಿಯಾಗುತ್ತಿತ್ತು. ಆಗ, "ಈಗ ಸರೋಯ್ತು ನೋಡು" ಅನ್ನುತ್ತಿದ್ದಳು.

ಸ್ನಾನಕ್ಕೂ ಅದೇ ಹಂಡೆ. ಹಿಂದಿನ ದಿನದ ಹಳದಿ ತಳದಲ್ಲಿ ಉಳಿದಿದ್ದು ಗೊತ್ತಿಲ್ಲದೆ ಒಂದು ಸಲ ಮಿಂದು ನರಸೀಪುರದ ಬಸ್ಸು ಹತ್ತಿದೆ. ಕಂಡಕ್ಟರು ನನ್ನ ಮುಖ ನೋಡಿ ಹಿಂದೆ ಸರಿದ.

"ಕಾಮಾಲೆಗೆ ಇಂಗ್ಲಿಷ್ ಔಷ್ದಿ ನಂಬ್ಕೋಬೇಡಿ ಕಣಮ್ಮ, ನಾಟಿ ಔಷ್ದಿ ಮಾಡ್ಸಿ" ಎಂದ. ಊರು ಬರುವವರೆಗೆ ಇಡೀ ಸೀಟು ನನ್ನದೇ!

ಇನ್ನೊಂದು ದಿನ ಪಕ್ಕದ ಮನೆಯಾಕೆ ಕಾಂಪೌಂಡಿನಾಚೆಯಿಂದ ಕೂಗಿದರು. "ಅಕ್ಕಾ, ನಮ್ಮೆಜಮಾನ್ರ ಬಿಳೀ ಪಂಚೆ ನಿಮ್ ಇತ್ಲಿಗೇನಾರ ಆರ್ಕೊಂಡ್ ಬಂತಾ?"

"ಬಿಳೀದು ನಮ್ಮನೇಲಿಲ್ಲ ಕಣವ್ವಾ!" ಎಂದಳು ಅತ್ತೆ.

ಸುಳ್ಳೇನಲ್ಲ. ಅಷ್ಟು ಹೊತ್ತಿಗೆ ಅದು ನೇರಳೆಯಾಗಿತ್ತು.

ಮಾವ ತೀರಿಕೊಂಡ ಮೇಲೆ ಹತ್ತಿದ ಹುಚ್ಚು ಇದು. ಮಕ್ಕಳಿಲ್ಲ. ಒದ್ದೆ ಸೀರೆ ಹಿಂಡಲು ಇಬ್ಬರು ಬೇಕಲ್ಲ? ಮನೆಗೆ ಹೋದವರ ಕೈಗೆ ಕಾಫಿಗಿಂತ ಮೊದಲು ಸೀರೆಯ ತುದಿ ಬರುತ್ತಿತ್ತು. ಯಾರೂ ಬಾರದ ದಿನ ಆ ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ ಒಬ್ಬಳೇ ತಿರುಚುತ್ತಿದ್ದಳು. ಬಗೆಬಗೆಯ ಬಣ್ಣ ಹತ್ತಿದ ಆ ಸರಳನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು.

ಪ್ರತಿ ಸಲವೂ ಹಂಡೆಗೆ ಮಾವನ ಟೆರಿಲಿನ್ ಅಂಗಿಯೊಂದು ಬೀಳುತ್ತಿತ್ತು. ತಾಂಡ್ಯದ ಕಾರ್ಖಾನೆಗೆ ಅವರು ಹಾಕಿಕೊಂಡು ಹೋಗುತ್ತಿದ್ದ ತಿಳಿನೀಲಿ ಅಂಗಿ. ಉಳಿದ ಬಟ್ಟೆಗಳೆಲ್ಲ ಬಣ್ಣ ಕುಡಿದು ಹೊರಬಂದರೆ ಇದು ಮಾತ್ರ ಹೋದ ಹಾಗೇ ಬರುತ್ತಿತ್ತು. ಒಂದು ದಿನ ನನಗೆ ನಗು ತಡೆಯಲಾಗಲಿಲ್ಲ.

"ಅತ್ತೆ, ಈ ಬಣ್ಣ ಹತ್ತಿ ಬಟ್ಟೆಗಷ್ಟೇ ಹಿಡಿಯೋದು. ಟೆರಿಲಿನ್ ಎಷ್ಟು ಕುದಿಸಿದ್ರೂ ಸೌದೆ ದಂಡ!"

"ಗೊತ್ತು ಕಣ್ ಮಗ. ಇದ್ದಾಗ್ಲೂ ಯಾರ್ ಮಾತೂ ಕೇಳ್ತಿರ್ಲಿಲ್ಲ ಅವ್ರು."

"ಮತ್ಯಾಕೆ ಹಾಕ್ತೀಯ?"

ಅತ್ತೆ ಅಂಗಿಯ ಕಾಲರು ನೇರ ಮಾಡಿದಳು. "ಮನೇಲಿ ಎಲ್ಲಾ ಬದಲಾಗೋಯ್ತು. ಇದೊಂದು ಆಕ್ದಂಗೇ ಈಚೆಗ್ ಬತ್ತದೆ. ಅದ ನೋಡಕ್ಕೇ ಆಕ್ತೀನಿ."

ನನ್ನ ನಗು ಅಲ್ಲೇ ನಿಂತಿತು. ಅವಳು ಒಂದು ತೋಳನ್ನು ನನ್ನ ಕೈಗೆ ಕೊಟ್ಟು, "ಇಡ್ಕೊ" ಎಂದಳು. ಹಿಡಿದೆ. ಇನ್ನೊಂದು ತೋಳು ಅವಳು ಹಿಡಿದಳು. ತಿರುಚಲು ಇಬ್ಬರಿಗೂ ಮನಸ್ಸು ಬರಲಿಲ್ಲ. ನೀರು ತಾನಾಗಿ ಸೋರಿ ಮುಗಿಯುವವರೆಗೆ ಹಾಗೇ ನಿಂತಿದ್ದೆವು.