ಕೌದಿಯ ಕೂಡ ಟ್ಯಾಂಗೊ

ಒಬ್ಬ ಮನುಷ್ಯ ತನ್ನ ಸ್ವಂತ ಮಾಳಿಗೆಯ ಮೇಲೆ ತನ್ನ ಸ್ವಂತ ಕೌದಿಯನ್ನು ಅಪ್ಪಿಕೊಂಡು ನಾಲ್ಕು ಹೆಜ್ಜೆ ಹಾಕಿದರೆ ಓಣಿಯವರ ಗಂಟೇನು ಹೋಗುತ್ತದೆ? ಯಲಬುರ್ಗಾದ ತಾಲೂಕು ಕಚೇರಿಯ ಗುಮಾಸ್ತ ಕಾಶಿನಾಥ ಈ ಪ್ರಶ್ನೆಯನ್ನು ಇವತ್ತಿಗೂ ಕೇಳುತ್ತಾನೆ. ಉತ್ತರ ಕೊಡಬೇಕಾದವರು ಮಾತ್ರ ಅವನನ್ನು ಕಂಡರೆ ನಗುತ್ತಾರೆ.

ಎಲ್ಲಕ್ಕೂ ಕಾರಣ ಅವನ ಹೆಂಡತಿ ಹೇಮಾವತಿ ಒಮ್ಮೆ ಆಡಿದ ಒಂದು ಮಾತು. ಮೊಬೈಲಿನಲ್ಲಿ ಯಾವುದೋ ದೂರದೇಶದ ಗಂಡ ಹೆಂಡತಿ ಎದೆಗೆ ಎದೆ ತಾಗಿಸಿ ಟ್ಯಾಂಗೊ ಕುಣಿಯುತ್ತಿದ್ದರು. ಗಂಡ ಮುಂದಕ್ಕೆ ನಡೆಯುತ್ತಾನೆ, ಹೆಂಡತಿ ಅವನನ್ನು ನಂಬಿ ಹಿಂದಕ್ಕೆ ನಡೆಯುತ್ತಾಳೆ. "ಎಷ್ಟು ಛಂದ ಐತಿ ನೋಡ್ರಿ," ಅಂದಳು. ಗ್ಯಾಸು, ಹಾಲು, ನಳದ ನೀರು ಇಷ್ಟನ್ನು ಬಿಟ್ಟು ಗಂಡ ಹೆಂಡಿರ ನಡುವೆ ಬೇರೆ ಮಾತು ನಿಂತು ಎಷ್ಟೋ ಕಾಲವಾಗಿದ್ದ ಮನೆ ಅದು. ಕಾಶಿನಾಥ ಅಂದೇ ನಿಶ್ಚಯಿಸಿದ. ಗುಟ್ಟಾಗಿ ಕಲಿಯಬೇಕು, ಒಂದು ದಿನ ಕೈ ಚಾಚಿ ಅವಳನ್ನು ಕುಣಿಯಲು ಕರೆಯಬೇಕು.

ಕಲಿಯಲು ಜೊತೆ ಬೇಕಲ್ಲ. ಹೇಮಾವತಿ ಓಣಿಯ ಹೆಂಗಸರಿಂದ ಹಳೆಯ ಸೀರೆಗಳನ್ನು ಕೇಳಿ ತಂದು ಹೊಲಿದ ಕೌದಿಯೊಂದು ಮನೆಯಲ್ಲಿತ್ತು. ಅದನ್ನು ಸುತ್ತಿ ನಡುವಿಗೆ ಹಗ್ಗ ಬಿಗಿದರೆ ಸರಿಯಾಗಿ ಹೇಮಾವತಿಯಷ್ಟೇ ಎತ್ತರ ಬಂತು. ಹೆಂಡತಿ ಹೊರಗೆ ಹೋದಾಗೆಲ್ಲ ಅಭ್ಯಾಸ ಮಾಡಿದ. ಮೊದಮೊದಲು ಮುಗ್ಗರಿಸಿದ. ಆಮೇಲೆ ಕಾಲು ಹೇಳಿದ ಮಾತು ಕೇಳತೊಡಗಿತು, ಕಡತಗಳ ಮೇಲೆ ಬಗ್ಗಿ ಬಗ್ಗಿ ಗೂನಾಗಿದ್ದ ಬೆನ್ನು ನೆಟ್ಟಗಾಯಿತು. ಅವನಿಗೆ ಬಡ್ತಿ ಸಿಕ್ಕ ದಿನವೂ ಅಷ್ಟು ಖುಷಿಯಾಗಿರಲಿಲ್ಲ.

ಆ ಭಾನುವಾರ ಹೇಮಾವತಿ, ಪಕ್ಕದ ಮನೆಯ ಸುರೇಖಾ, ಎದುರು ಮನೆಯ ಅಮೃತಾ ಮೂವರೂ ಬಸ್ಸು ಹಿಡಿದು ಹೇಮಗುಡ್ಡದ ದುರ್ಗಮ್ಮನ ದರ್ಶನಕ್ಕೆ ಹೋಗಿದ್ದರು. ಸಂಜೆ ಹೆಂಡತಿ ಬಂದ ಕೂಡಲೇ ಕೈ ಚಾಚಿಯೇ ಬಿಡುವುದು ಎಂದು ಕಾಶಿನಾಥ ಇಳಿಹೊತ್ತಿಗೆ ಕೊನೆಯ ಅಭ್ಯಾಸಕ್ಕೆ ಮಾಳಿಗೆ ಹತ್ತಿದ. ಕಣ್ಣು ಮುಚ್ಚಿ, ಕೌದಿಗೆ ಕೆನ್ನೆ ಹಚ್ಚಿ, ನಸುನಗುತ್ತ ಒಂದು ಸುತ್ತು ಬಂದ.

ಕೆಳಗೆ ಬಾಗಿಲು ಬಡಿದ ಸದ್ದಾಯಿತು. ಕೌದಿಯನ್ನು ನೀರಿನ ಟ್ಯಾಂಕಿನ ಹಿಂದೆ ತುರುಕಿ ಇಳಿದು ಬಂದರೆ, ಸುರೇಖಾಳ ಗಂಡ ವಿರುಪಣ್ಣ ನಿಂತಿದ್ದ.

"ಮ್ಯಾಲೆ ಯಾರದಾರ?"

"ಯಾರೂ ಇಲ್ರಿ."

"ಸುಳ್ಳು ಹೇಳಬ್ಯಾಡ್ರಿ. ನಮ್ಮ ಮಾಳಿಗಿ ಮ್ಯಾಲೆ ನಿಂತು ಕಣ್ಣಾರೆ ನೋಡೀನಿ. ಗಿಣಿ ಹಸರು ಇಳಕಲ್ ಸೀರಿ, ನಾನ ತಂದುಕೊಟ್ಟಿದ್ದು. ಹೇಮಗುಡ್ಡಕ್ಕ ಹೊಂಟೀನಿ ಅಂತ ಹೇಳಿದಾಕಿ ನಿಮ್ಮ ಮಾಳಿಗಿ ಮ್ಯಾಲೆ ಏನ್ ಮಾಡಾಕತ್ಯಾಳ?"

ಕಾಶಿನಾಥನಿಗೆ ಸಿಟ್ಟು ನೆತ್ತಿಗೇರಿತು. ಹೆಂಡತಿಗಾಗಿ ಮೈ ಬೆವರಿಳಿಸಿ ಕಲಿಯುತ್ತಿರುವವನಿಗೆ ಈ ಮಾತೇ?

"ನಾಲಿಗಿ ಬಿಗಿ ಹಿಡಿದು ಮಾತಾಡ್ರಿ ವಿರುಪಣ್ಣ. ನಾ ಮರ್ಯಾದಸ್ಥ ಅದೀನಿ."

ಅಷ್ಟರಲ್ಲಿ ಅಮೃತಾಳ ಗಂಡ ಗೋವಿಂದರಾಜ ಮಾಸ್ತರ ಎದುರು ಮನೆಯಿಂದ ಓಡಿಬಂದ. "ಹಸರು ಅಲ್ರಿ, ಕೆಂಪು. ಮದಿವಿ ಆದ ವರ್ಷ ನಾ ತಂದ ಸೀರಿ, ನನಗ ಗುರುತು ಸಿಗಂಗಿಲ್ಲೇನು? ಮ್ಯಾಲೆ ಇದ್ದಾಕಿ ನನ್ನ ಹೆಂಡ್ತಿ."

"ಏನ್ ಮಾತಂತ ಆಡ್ತೀರಿ ಮಾಸ್ತರ, ಅಕಿ ನನ್ನ ಹೆಂಡ್ತಿ."

"ನನ್ನಾಕಿ ಅಂತ ಹೇಳಿದೆನಲ್ಲ."

"ಅಂದ್ರ ನನಗ ಕಣ್ಣು ಕಾಣಂಗಿಲ್ಲ ಅಂತೀರೇನು?"

ಇಬ್ಬರೂ ಕಾಶಿನಾಥನನ್ನು ಮರೆತು ಒಬ್ಬರ ಮೇಲೊಬ್ಬರು ತೋಳೇರಿಸಿದರು. ದಾರಿ ತಪ್ಪಿದ ಹೆಂಡತಿ ತನ್ನವಳೇ ಎಂದು ಗಂಡಸರು ಹೀಗೆ ಹಠಕ್ಕೆ ಬಿದ್ದದ್ದನ್ನು ಆ ಓಣಿ ಹಿಂದೆ ಕಂಡಿರಲಿಲ್ಲ. ಫೋನು ಹಚ್ಚಿದರು. ಬಸ್ಸಿನಲ್ಲಿದ್ದ ಹೆಂಗಸರು ಎತ್ತಲಿಲ್ಲ. ಅದೂ ಒಂದು ಸಾಕ್ಷಿಯಾಯಿತು.

ನಿಜ ಹೇಳಿದರೆ ನಾಳೆ ಕಚೇರಿಯಲ್ಲಿ ತಲೆ ಎತ್ತುವಂತಿಲ್ಲ. ಹೇಳದಿದ್ದರೆ ಹೇಮಾವತಿ ಬಸ್ಸಿಳಿಯುವಷ್ಟರಲ್ಲಿ ಸಂಸಾರ ಉಳಿಯುವಂತಿಲ್ಲ. ಕಾಶಿನಾಥ ಹಲ್ಲು ಕಚ್ಚಿ ಬಾಯಿಬಿಟ್ಟ. "ಅದು ಕೌದಿರಿ. ಕೌದಿ ಹಿಡಕೊಂಡು ಕುಣಿಯೋದು ಕಲಿಯಾಕತ್ತಿದ್ದೆ."

"ಕೌದಿ ಅಪ್ಪಿಕೊಂಡು ಯಾರರೆ ಹಂಗ ನಗ್ತಾರೇನು?" ಎಂದ ವಿರುಪಣ್ಣ. "ನಿಮ್ಮ ಮಾರಿ ಮ್ಯಾಲೆ ಅಷ್ಟು ಖುಷಿ ನಾ ಎಂದೂ ನೋಡಿಲ್ಲ."

ಕಾಶಿನಾಥ ಇಬ್ಬರನ್ನೂ ಮಾಳಿಗೆಗೆ ಎಳೆದೊಯ್ದು ಕೌದಿಯನ್ನು ಮುಂದೆ ನಿಲ್ಲಿಸಿದ. ಒಂದು ಮಗ್ಗುಲಿಗೆ ಗಿಣಿ ಹಸಿರು, ಇನ್ನೊಂದು ಮಗ್ಗುಲಿಗೆ ಕುಂಕುಮಗೆಂಪು. ತಪ್ಪಾಯ್ತು ಎಂದು ಒಂದು ಮಾತು ಬಂತೇ? ಇಲ್ಲ. "ಇಂಥಾ ಸೀರಿ ಕೌದಿಗೆ ಕೊಟ್ಟಾಳಲ್ಲ," ಎಂದು ವಿರುಪಣ್ಣ ಹಸಿರು ತುಂಡು ಸವರಿದ. "ನನಗ ಒಂದು ಮಾತು ಹೇಳಿಲ್ಲ," ಎಂದು ಮಾಸ್ತರ ಕೆಂಪು ತುಂಡು ಸವರಿದ. ಕಾಶಿನಾಥನ ಮಾನ ಹೋದದ್ದು ಇಬ್ಬರಿಗೂ ಲೆಕ್ಕಕ್ಕೇ ಇರಲಿಲ್ಲ.

ಗದ್ದಲ ಕೇಳಿ, ಆಗತಾನೇ ಬಸ್ಸಿಳಿದು ಬಂದ ಹೆಂಗಸರು ಕುಂಕುಮದ ಹಣೆಯಲ್ಲೇ ಮೇಲೆ ಹತ್ತಿಬಂದರು. ಮಾಸ್ತರ ನಡೆದದ್ದನ್ನೆಲ್ಲ ಒಪ್ಪಿಸಿದ. ಇನ್ನು ಮುಚ್ಚಿಡುವುದೇನಿದೆ ಎಂದು ಕಾಶಿನಾಥ ಎಲ್ಲರೆದುರೇ ಕೈ ಚಾಚಿದ.

"ನಿನ್ನ ಕೂಡ ಕುಣೀಬೇಕಂತ ಕಲ್ತೀನಿ. ಬಾ."

ಹೇಮಾವತಿಯ ಮುಖ ಕೆಂಪಾಯಿತು. ಸೆರಗು ಸಿಕ್ಕಿಸಿ ಬಂದು ಅವನ ಕೈಯಲ್ಲಿ ಕೈ ಇಟ್ಟಳು. ಕಾಶಿನಾಥನ ಎದೆ ತುಂಬಿತು. ಪಟ್ಟ ಪಾಡೆಲ್ಲ ಸಾರ್ಥಕ ಎನಿಸಿತು. ಅವನು ಒಂದು ಹೆಜ್ಜೆ ಮುಂದಿಟ್ಟ. ಅವಳೂ ಒಂದು ಹೆಜ್ಜೆ ಮುಂದಿಟ್ಟಳು. ಹಣೆಗೆ ಹಣೆ ಬಡಿಯಿತು. ಮತ್ತೆ ಯತ್ನಿಸಿದರು. ಈ ಸಲ ಅವನ ಹೆಬ್ಬೆರಳು ಅವಳ ಹಿಮ್ಮಡಿಯ ಅಡಿ ಸಿಕ್ಕಿತು.

"ನೀನು ಹಿಂದಕ್ಕ ನಡೀಬೇಕು," ಎಂದ ಕುಂಟುತ್ತ.

"ನನಗ ಬರಂಗಿಲ್ರಿ. ನಾನೂ ಮುಂದಕ್ಕ ನಡಿಯೋದ ಕಲ್ತೀನಿ."

"ನೀನೂ ಕಲ್ತೀಯಾ? ಯಾರ ಕೂಡ?"

"ಇದ ಕೌದಿ ಕೂಡ. ನೀವು ಕಚೇರಿಗೆ ಹೋದ ಮ್ಯಾಲೆ. ನಿಮಗ ಹೇಳಿಕೊಡಬೇಕಂತಿದ್ದೆ."

ಕೌದಿ ತಾನಾಗಿ ನಡೆಯುತ್ತದೆಯೇ? ನೂಕಿದವರೇ ಮುಂದಕ್ಕೆ ನಡೆಯಬೇಕು. ಇಬ್ಬರೂ ಒಬ್ಬರಿಗಾಗಿ ಒಬ್ಬರು ಕದ್ದು ಕದ್ದು ಕಲಿತದ್ದು ಬರೀ ನೂಕುವುದನ್ನು.

"ಇವತ್ತೊಂದಿನ ನೀವ ಹಿಂದಕ್ಕ ನಡೀರಿ," ಎಂದಳು ಹೇಮಾವತಿ, ಮೆಲ್ಲಗೆ.

ವಿರುಪಣ್ಣ ಬಾಯಿಗೆ ಟವೆಲ್ ಒತ್ತಿಕೊಂಡು ನಕ್ಕ. ಅದನ್ನು ನೋಡಿ ಕಾಶಿನಾಥ ಸಿಡಿದೆದ್ದ. "ನಾನಾ? ಓಣಿ ಮಂದಿ ಎದುರಿಗೆ? ಹೆಂಡ್ತಿ ನೂಕಿದಂಗ ಹಿಂದಕ್ಕ ಹೋಗೋ ಗಂಡಸು ಅಲ್ಲ ನಾ."

"ನಾ ಹಿಂದಕ್ಕ ಹೋಗ್ತೀನಿ ಬಾರಕ್ಕ," ಎಂದು ಸುರೇಖಾ ಚಪ್ಪಲಿ ಕಳಚಿದಳು.

ಹೇಮಾವತಿ ಅವಳ ಬೆನ್ನಿಗೆ ಕೈಯಿಟ್ಟು ಹೊರಟಳು. ಮಾಳಿಗೆಯ ಈ ತುದಿಯಿಂದ ಆ ತುದಿಗೆ ಇಬ್ಬರೂ ನಗುತ್ತ, ನೀರು ಹರಿದ ಹಾಗೆ ಹೋದರು. ಮುಂದಿನ ಸರದಿ ತನ್ನದೆಂದು ಅಮೃತಾ ಸೆರಗು ಕಟ್ಟಿ ನಿಂತಳು. ಕಾಶಿನಾಥ ಕೌದಿಯನ್ನು ಕಂಕುಳಲ್ಲಿ ಹಿಡಿದು ಗೋಡೆಗೆ ಒರಗಿದ. ಹೇಮಾವತಿಯ ಮುಖದ ಆ ನಗು ನೋಡಲಿಕ್ಕೆಂದೇ ಅವನು ಇಷ್ಟು ದಿನ ಕಾದಿದ್ದ.

ವಿರುಪಣ್ಣ ಬಂದು ಅವನ ಪಕ್ಕದಲ್ಲಿ ನಿಂತ.

"ನಿಮ್ಮ ಮಾಳಿಗಿ ಮ್ಯಾಲೆ ಕುಣಿಯಾಕತ್ತಾಕಿ ನನ್ನ ಹೆಂಡ್ತಿ ಅಂತ," ಎಂದ, "ನಾ ಆವಾಗ್ಲೇ ಹೇಳಲಿಲ್ಲೇನ್ರಿ?"