ಮೌಶಿಯ ಕರೆಂಟ್ ಗಡಿಗೆ

ತಾರ್ನಾಕದ ನಮ್ಮ ಮೌಶಿ ಊಟಕ್ಕೆ ಕರೆದರೆ ಮನೆಯಲ್ಲಿ ಉಂಡು ಹೊರಡುವುದೇ ಕ್ಷೇಮ! ಅವಳ ಅಡುಗೆ ಚೆನ್ನಾಗಿರುವುದಿಲ್ಲ ಎಂದಲ್ಲ. ಅದು ಆಗುವ ಹೊತ್ತಿಗೆ ನೀವು ಇನ್ನೊಂದು ಸಲ ಹಸಿದಿರುತ್ತೀರಿ, ಅಷ್ಟೆ. ಬೆಳಿಗ್ಗೆ ಏಳಕ್ಕೆ ಇಟ್ಟ ಬೇಳೆ ಮಧ್ಯಾಹ್ನ ಮೂರಕ್ಕೆ ತಟ್ಟೆಗೆ ಬರುತ್ತದೆ.

ಮೌಶಿ ಎಂದರೆ ನನ್ನ ಅವ್ವನ ಅಕ್ಕ. ಸರ್ಕಾರಿ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿದ್ದವಳು. ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಲಾರಿಗಟ್ಟಲೆ ಸಾಮಾನನ್ನು ಹಿಂದಕ್ಕೆ ಕಳಿಸುತ್ತಿದ್ದಳಂತೆ. ಅಂಥವಳು ಅಡುಗೆಮನೆಯಲ್ಲಿ ಮಾತ್ರ ಒಂದು ಚಮಚ ಉಪ್ಪನ್ನೂ ಅಳೆದವಳಲ್ಲ. ಒಂದೇ ಗಾತ್ರದ ಹದಿನಾರು ಸ್ಟೀಲ್ ಡಬ್ಬಿಗಳು. ಒಂದರ ಮೇಲೂ ಚೀಟಿಯಿಲ್ಲ. "ದೇವ್ರು ಮೂಗು ಯಾಕ ಕೊಟ್ಟಾನ?" ಎನ್ನುತ್ತಿದ್ದಳು. ಮುಚ್ಚಳ ತೆಗೆದು, ಕಣ್ಣು ಮುಚ್ಚಿ ಒಮ್ಮೆ ಮೂಸಿದರೆ ಸಾಕು, ಜೀರಿಗೆಯೋ ಸೋಂಪೋ, ಯಾವ ತಿಂಗಳು ತಂದದ್ದೋ ಎಲ್ಲ ಹೇಳಿಬಿಡುತ್ತಿದ್ದಳು. (ಇಲ್ಲಿ ನಾನು ಉಬ್ಬಿಸುತ್ತಿರಬಹುದು. ನನ್ನ ಡೈರಿಯಲ್ಲಿ 'ಮೌಶಿ ಜೀರಿಗೆ ಗುರುತಿಸಿದಳು' ಎಂದಷ್ಟೇ ಇದೆ.)

ಎರಡು ವರ್ಷದ ಹಿಂದೆ ಒಂದು ಜ್ವರ ಬಂತು. ಹೋಗುವಾಗ ಅವಳ ಮೂಗಿನ ಶಕ್ತಿಯನ್ನೂ ನಾಲಿಗೆಯ ರುಚಿಯನ್ನೂ ಕಟ್ಟಿಕೊಂಡು ಹೋಯಿತು. ಮೌಶಿ ಅತ್ತಳೇ? ಎಲ್ಲಿಯ ಮಾತು! "ನಾ ರಿಟೈರ್ ಆದೆ, ಈಗ ನನ್ನ ಮೂಗೂ ಆತು" ಎಂದಳು. ಆದರೆ ಒಂದು ಸಂಜೆ ಗ್ಯಾಸ್ ತಿರುಗಿಸಿ, ಹಚ್ಚುವುದನ್ನು ಮರೆತು, ಪಕ್ಕದ ಮನೆಯವರು ಓಡಿಬಂದು ಕಿಟಕಿ ತೆಗೆಯುವವರೆಗೂ ಆರಾಮಾಗಿ ಪದಬಂಧ ತುಂಬುತ್ತಿದ್ದಳು. ಮರುದಿನವೇ ನಗರದ ಇನ್ನೊಂದು ತುದಿಯ ಕೂಕಟ್‌ಪಲ್ಲಿಯಿಂದ ಅವ್ವ ಬಂದಿಳಿದಳು.

"ಸಾಮಾನು ಕಟ್ಟು ಅಕ್ಕಾ. ಇನ್ನ ನಮ್ಮ ಮನಿಯಾಗ ಇರೂದು."

"ನಿಮ್ಮ ಮನಿಯಾಗ ಕಿಡಕಿ ತಗದ್ರ ಮತ್ತೊಬ್ರ ಕಿಡಕಿ ಕಾಣತೈತಿ. ಇಲ್ಲಿ ನೋಡು, ಯುನಿವರ್ಸಿಟಿ ಗಿಡಾ ಎಲ್ಲಾ ನನ್ನವ!"

"ಆ ಗಿಡಾ ಬಂದು ಗ್ಯಾಸ್ ಬಂದ್ ಮಾಡತಾವೇನು?"

ಕೊನೆಗೆ ರಾಜಿಯಾಯಿತು. ಸಿಲಿಂಡರ್ ಹೋಯಿತು, ಅವ್ವ ಕೊಂಡುಕೊಟ್ಟ ಸ್ಲೋ ಕುಕ್ಕರ್ ಬಂತು. ಬೆಂಕಿಯಿಲ್ಲದೆ, ಕರೆಂಟಿನಲ್ಲಿ ಗಂಟೆಗಟ್ಟಲೆ ಬೇಯಿಸುವ ಪಾತ್ರೆ. ಮೌಶಿ ಅದಕ್ಕೆ 'ಕರೆಂಟ್ ಗಡಿಗಿ' ಎಂದು ನಾಮಕರಣ ಮಾಡಿದಳು. ಅದರಲ್ಲಿ ತಪ್ಪಿಲ್ಲದೆ ಬೇಯಿಸಿ ಉಂಡರೆ ತಾರ್ನಾಕ. ಒಂದೇ ಒಂದು ಎಡವಟ್ಟಾದರೂ ಕೂಕಟ್‌ಪಲ್ಲಿ. ಪ್ರತಿ ಭಾನುವಾರ ಹೋಗಿ ಉಂಡು ವರದಿ ಒಪ್ಪಿಸುವ ಕೆಲಸ ನನ್ನದು. ಜೀವಮಾನವೆಲ್ಲ ತಪಾಸಣೆ ಮಾಡಿದವಳ ಮೇಲೆ ತಪಾಸಣೆ!

ಗಡಿಗೆಗೆ ಮೌಶಿ ತನ್ನದೇ ಕಾನೂನು ಮಾಡಿದಳು. ಅದಕ್ಕೆಂದು ಏನೂ ಕೊಳ್ಳುವಂತಿಲ್ಲ, ಮನೆಯಲ್ಲಿ ಇದ್ದದ್ದೇ ಬೀಳಬೇಕು. ಅರ್ಧ ಹೀರೆಕಾಯಿ, ಒಂದು ಹಿಡಿ ಶೇಂಗಾ, ತಳದಲ್ಲುಳಿದ ಇಡ್ಲಿ ರವೆ, ಪಕ್ಕದ ಮನೆಯವರು ಕೊಟ್ಟ ಮಾವಿನಕಾಯಿಯ ಒಂದು ಹೋಳು.

"ಇದರ ಹೆಸರೇನು ಮೌಶಿ?"

"ರವಿವಾರ."

"ಹೋದ ವಾರ ತಿಂದದ್ದು?"

"ಅದು ಹ್ವಾದ ರವಿವಾರ."

ಮುಚ್ಚಳ ತೆಗೆಯುವಂತಿಲ್ಲ. "ಒಮ್ಮೆ ತಗದ್ರ ಅಡಿಗಿ ಅರ್ಧಾ ತಾಸು ಹಿಂದಕ ಹೋಗತೈತಿ!" ಇನ್ನು ಉಂಡವರು 'ಛಲೋ ಐತಿ' ಎಂದು ಕೈತೊಳೆಯುವಂತೆಯೂ ಇಲ್ಲ. "ಹಂಗಂದ್ರ ಪಾಸ್ ಮಾಡಂಗಿಲ್ಲ. ಎಲ್ಲಿ ಹುಳಿ, ಎಂಥಾ ಘಮಾ, ಬಿಡಿಸಿ ಹೇಳು." ನಾನು ಹೇಳುತ್ತಾ ಹೋದಂತೆ ಅವಳ ಮೂಗಿನ ಹೊಳ್ಳೆಗಳು ಮೆಲ್ಲಗೆ ಅರಳುತ್ತಿದ್ದವು.

ಆ ಮಧ್ಯಾಹ್ನಗಳು ನನಗೆ ಈಗ ಒಂದೇ ಮಧ್ಯಾಹ್ನವಾಗಿ ಕಲೆಸಿಹೋಗಿವೆ. ಫ್ಯಾನು ತಿರುಗುತ್ತದೆ. ಕಿಟಕಿಯಾಚೆ ಮರಗಳು ತೂಕಡಿಸುತ್ತವೆ. ಗಾಜಿನ ಮುಚ್ಚಳದ ಒಳಗೆ ಹನಿ ಕಟ್ಟಿ, ತುಂಬಿಕೊಂಡು, ಮನಸ್ಸಿಲ್ಲದ ಮನಸ್ಸಿನಿಂದ ಜಾರುತ್ತದೆ. ಮೌಶಿ ಎದುರಿಗೆ ಕುಳಿತು ಕಣ್ಣು ಮುಚ್ಚಿ, "ಈಗ ಬಳ್ಳೊಳ್ಳಿ ಮೆತ್ತಗಾತು" ಎನ್ನುತ್ತಾಳೆ. ನಿಜವಾಗಿ ಆಗಲೇ ಆ ವಾಸನೆ ಬರುತ್ತದೆ! "ಹೆಂಗ ಗೊತ್ತಾತು?" ಎಂದರೆ, "ಒಳಗ ಬರತೈತಿ" ಎನ್ನುತ್ತಾಳೆ. ನನ್ನ ಡೈರಿಯನ್ನೇ ಮತ್ತೆ ಓದಿದರೆ ಯಾರೋ ಬರೆದಂತೆ ಕಾಣುವ ನನಗೆ, ನೆನಪನ್ನು ನಂಬಿ ಅಡುಗೆ ಮಾಡುವ ಈ ಹೆಂಗಸು ದೊಡ್ಡ ಸೋಜಿಗವಾಗಿದ್ದಳು.

ಒಂದು ಭಾನುವಾರ ಅವ್ವ ತಾನೇ ಬರುವುದಾಗಿ ಹೇಳಿಕಳಿಸಿದಳು. ಅಂತಿಮ ತಪಾಸಣೆ! ನಾನು ಮೊದಲೇ ಹೋಗಿ ಬಾಗಿಲು ತಳ್ಳಿದರೆ ಮನೆ ತುಂಬ ಕಾಫಿಯ ಘಮ.

"ಕಾಫಿ ಮಾಡೀಯೇನ್ ಮೌಶಿ?"

"ಗ್ಯಾಸ್ ಎಲ್ಲೈತಿ ಹುಚ್ಚಿ? ಆ ಡಬ್ಬಿ ಮುಟ್ಟಿ ಎಷ್ಟು ದಿನಾ ಆತೋ! ಇವತ್ತ ತೊಗರಿಬ್ಯಾಳಿ, ಬದನಿಕಾಯಿ, ಕೈತುಂಬ ಗುರೆಳ್ಳು ಪುಡಿ ಹಾಕೀನಿ. ನಿಮ್ಮವ್ವಗ ಗುರೆಳ್ಳಂದ್ರ ಜೀವಾ."

ನಾನು ಡಬ್ಬಿಗಳ ಸಾಲಿಗೆ ಹೋಗಿ ಒಂದೊಂದನ್ನೇ ಮೂಸಿದೆ. ಗುರೆಳ್ಳು, ಅಂದರೆ ಹುಚ್ಚೆಳ್ಳಿನ ಪುಡಿ, ಮುಟ್ಟದೆ ಹಾಗೇ ಇತ್ತು. ಪಕ್ಕದ ಡಬ್ಬಿಯ ಕಾಫಿಪುಡಿ ಅರ್ಧಕ್ಕಿಳಿದಿತ್ತು. ಎರಡೂ ಕಪ್ಪು, ಎರಡೂ ಪುಡಿ. ಬೇರೆ ಮಾಡಬೇಕಾದ ಮೂಗು ರಿಟೈರ್ ಆಗಿತ್ತು! ಹೇಳೋಣವೆಂದು ತಿರುಗುವಷ್ಟರಲ್ಲಿ ಬಾಗಿಲ ಬಳಿ ಅವ್ವನ ಚಪ್ಪಲಿ ಸದ್ದು.

ಒಳಗೆ ಕಾಲಿಟ್ಟವಳೇ ಅವ್ವ ನಿಂತುಬಿಟ್ಟಳು. ಒಮ್ಮೆ ಉಸಿರೆಳೆದು ನನ್ನ ಕಡೆ ನೋಡಿದಳು. ಅವಳಿಗೆ ಗೊತ್ತಾಯಿತೆಂದು ನನಗೂ ಗೊತ್ತಾಯಿತು. ತಾರ್ನಾಕದ ಮರಗಳೆಲ್ಲ ಮೌಶಿಯ ಕೈಬಿಟ್ಟು ಹೋದವು ಎಂದುಕೊಂಡೆ.

ಮೂರು ಗಂಟೆಗೆ ಮುಚ್ಚಳ ತೆಗೆದದ್ದಾಯಿತು. ಅವ್ವ ತಾನು ತಂದ ಖಡಕ್ ರೊಟ್ಟಿ ಮುರಿದು, ಅದ್ದಿ, ಬಾಯಿಗಿಟ್ಟಳು. ಮೌಶಿ ಸೌಟು ಹಿಡಿದು ಅವಳ ಮುಖವನ್ನೇ ನೋಡುತ್ತಾ ನಿಂತಿದ್ದಳು. ಸಾಮಾನು ಒಪ್ಪುವವಳಂತಲ್ಲ, ಒಪ್ಪಿಸಲು ಬಂದವಳಂತೆ.

"ಗುರೆಳ್ಳು ಛಲೋ ಹುರದೀ ಅಕ್ಕಾ," ಎಂದಳು ಅವ್ವ.

"ಹಂಗಂದ್ರ ಪಾಸ್ ಮಾಡಂಗಿಲ್ಲ. ಎಂಥಾ ಘಮಾ, ಹೇಳು."

ಅವ್ವ ಇನ್ನೊಂದು ತುತ್ತು ತಿಂದಳು. ಆ ಕಹಿಯನ್ನು ಹೇಗೆ ನುಂಗಿದಳೋ! ನಂತರ ನಿಧಾನವಾಗಿ ಹೇಳಿದಳು: "ಅಪ್ಪಾ ಮುಂಜಾನೆ ಪೇಪರ್ ಓದತಿದ್ದನಲ್ಲ, ನಾವಿಬ್ರೂ ಇನ್ನೂ ಹಾಸಿಗ್ಯಾಗ ಇರತಿದ್ವಿ. ಅಡಿಗಿಮನ್ಯಾಗ ಆಯಿ ಕೈಬಳಿ ಸದ್ದು ಕೇಳತಿತ್ತು. ಆ ಹೊತ್ತಿನ ಘಮಾ ಐತಿ."

ಮೌಶಿ ಸೌಟು ಕೆಳಗಿಟ್ಟು ಕಣ್ಣು ಮುಚ್ಚಿದಳು. "ಖರೇ? ಅಷ್ಟು ಛಲೋ ಆಗೇತೇನು?"

"ಮತ್ತೊಂದು ಸೌಟು ಹಾಕು."

ಊಟವಾದ ಮೇಲೆ ಮೌಶಿ ಕುರ್ಚಿಯಲ್ಲೇ ನಿದ್ದೆಹೋದಳು. ಅವ್ವ ಅಡುಗೆಮನೆಗೆ ಹೋಗಿ, ಮುಡಿದಿದ್ದ ಮಲ್ಲಿಗೆ ಮಾಲೆ ಬಿಚ್ಚಿ, ಹೂವುದುರಿಸಿ, ಆ ದಾರವನ್ನು ಕಾಫಿ ಡಬ್ಬಿಯ ಕುತ್ತಿಗೆಗೆ ಬಿಗಿಯಾಗಿ ಕಟ್ಟಿದಳು. ಕಣ್ಣು ತಪ್ಪಿದರೂ ಕೈಗೆ ಸಿಗಲಿ ಎಂದು. ಕೂಕಟ್‌ಪಲ್ಲಿಯ ಮಾತೇ ಎತ್ತಲಿಲ್ಲ.

ಮುಂದಿನ ಭಾನುವಾರ ಮೌಶಿಯ ಕೈ ಡಬ್ಬಿಗಳ ಮೇಲೆ ಸರಿಯುತ್ತಾ ಹೋಗಿ ಆ ದಾರಕ್ಕೆ ತಾಗಿ ನಿಂತಿತು. ಬೆರಳಿನಿಂದ ಗಂಟು ಮುಟ್ಟಿ ನೋಡಿದಳು. ಹಳೆಯ ಅಭ್ಯಾಸದಿಂದ ಡಬ್ಬಿಯನ್ನು ಮೂಗಿನ ಬಳಿ ತಂದು ಉದ್ದಕ್ಕೆ ಉಸಿರೆಳೆದಳು. ದಾರದಲ್ಲಿ ಒಂದು ಒಣಗಿದ ಮೊಗ್ಗು ಸಿಕ್ಕಿಕೊಂಡಿತ್ತು.

"ಮಲ್ಲಿಗಿ," ಎಂದಳು, ತನಗೇ ಎಂಬಂತೆ.

ಆಗ ಅವಳ ಕಣ್ಣು ಮುಚ್ಚಿತ್ತೇ? ಅಥವಾ ಮೊಗ್ಗನ್ನು ನೋಡಿ ಹೇಳಿದಳೇ? ಡೈರಿಯಲ್ಲಿ 'ಮುಚ್ಚಿತ್ತು' ಎಂದು ಬರೆದೆ. ಹೊಡೆದು ಹಾಕಿದೆ. ಮತ್ತೆ ಬರೆದೆ.